ನಲವತ್ತನಾಲ್ಕನೇ ವಯಸ್ಸಿನ ಹೊಸ ಅಳಿಯ

ಪೋಕರ್ ಹಗ್ಗ ಮಾರುವಾಗ ಸುಳ್ಳು ಹೇಳುತ್ತಿರಲಿಲ್ಲ. ಸತ್ಯವನ್ನು ಸ್ವಲ್ಪ ಎಳೆದು ಉದ್ದ ಮಾಡುತ್ತಿದ್ದ, ಅಷ್ಟೆ. ಪುತ್ತೂರು ಪೇಟೆಯ ಅವನ ಅಂಗಡಿಯಲ್ಲಿ ಚಾಪೆ, ಬುಟ್ಟಿ, ಗೆರಸೆಗಳ ನಡುವೆ ಎರಡು ಜಾತಿಯ ಬಾವಿಹಗ್ಗ ನೇತಾಡುತ್ತಿದ್ದವು. ಸಪೂರದ್ದು ಒಂದು ಮಳೆಗಾಲಕ್ಕೆ, ದಪ್ಪದ್ದು ಮೂರಕ್ಕೆ. ದಪ್ಪದ್ದು ಎರಡು ಮಳೆಗಾಲ ಕಳೆದರೆ ಅದು ಕೊಂಡವನ ಪುಣ್ಯ. “ಮೂರಕ್ಕೂ ಗ್ಯಾರಂಟಿ ಉಂಟಾ ಬ್ಯಾರಿಗಳೆ?” ಎಂದು ಯಾರಾದರೂ ಕೇಳಿದರೆ ಅವನು ಮುಖ ಎತ್ತದೆ, “ಹಗ್ಗಕ್ಕೆ ಗ್ಯಾರಂಟಿ ಉಂಟು, ಮಳೆಗೆ ಇಲ್ಲ” ಎನ್ನುತ್ತಿದ್ದ. ಗಿರಾಕಿ ನಗುತ್ತಿದ್ದ. ಪೋಕರ್ ನಗುತ್ತಿರಲಿಲ್ಲ. ತಮಾಷೆ ಬಾಯಿಯ ಅಭ್ಯಾಸವಾಗಿತ್ತು. ಅದಕ್ಕೆ ಒಳಗಿನ ಮನುಷ್ಯ ಬೇಕಾಗಿರಲಿಲ್ಲ.

ಆ ಅಭ್ಯಾಸ ಕೊಲಂಬಿನದ್ದು. ಹದಿನೆಂಟು ವರ್ಷ ಅಲ್ಲಿ ಕೊಡೆ ಮಾರಿದ್ದ. ಅಲ್ಲಿಯ ತಮಿಳು ಮಾತಿನ ಮುಸಲ್ಮಾನರ ಹುಡುಗಿ ಮೈಮೂನಾಳನ್ನು ಮದುವೆಯಾಗಿ, ಮರದಾನೆ ಎಂಬ ಕೇರಿಯಲ್ಲಿದ್ದ ಅವಳ ತಾಯಿಮನೆಯಲ್ಲೇ ನೆಲೆಸಿದ್ದ. ಇಬ್ಬರು ಹೆಣ್ಣುಮಕ್ಕಳಾದರು. ಆಮೇಲೆ ಸಿಲೋನ್ ಸರಕಾರಕ್ಕೆ ಪರದೇಶದ ವ್ಯಾಪಾರಿಗಳು ಸಾಕಾದರು. ಅವನ ಪರವಾನಗಿಯನ್ನು ಎರಡು ಸಲ ಮುಂದುವರಿಸಿ ಮೂರನೇ ಸಲ ಹಿಂದಕ್ಕೆ ಕಳಿಸಿದರು. ಐವತ್ತೇಳನೇ ಇಸವಿಯ ಕೊನೆಗೆ ಪೋಕರ್ ಹೆಂಡತಿ ಮಕ್ಕಳೊಂದಿಗೆ ತಲೈಮನ್ನಾರಿನಲ್ಲಿ ಹಡಗು ಹತ್ತಿ, ಧನುಷ್ಕೋಟಿಯಲ್ಲಿ ರೈಲು ಹತ್ತಿ, ಮಂಗಳೂರಿನಲ್ಲಿ ಬಸ್ಸು ಹತ್ತಿ, ಪುತ್ತೂರಿನಲ್ಲಿ ಇಳಿದ. ಅಲ್ಲಿ ಅವನು ಪರದೇಶಿ, ಹೆಂಡತಿ ಊರವಳು. ಇಲ್ಲಿ ಹೆಂಡತಿ ಪರದೇಶಿ. ಮಂಗಳೂರಿನ ಪೊಲೀಸ್ ಕಚೇರಿಯವರು ಮೈಮೂನಾಳ ಹೆಸರು ಬರೆದುಕೊಂಡು, ಒಂದು ವರ್ಷ ಇರಬಹುದು, ಹೆಚ್ಚಿಗೆ ಬೇಕಾದರೆ ಪುನಃ ಅರ್ಜಿ ಹಾಕಿ ಎಂದು ಮುದ್ರೆ ಒತ್ತಿದರು.

ಬಸ್ಸಿನಲ್ಲಿ ಆ ಮುದ್ರೆಯನ್ನು ನೋಡುತ್ತಾ ಮೈಮೂನಾ ತಮಿಳಿನಲ್ಲಿ, “ಒಂದು ವರ್ಷ ಇರುತ್ತೇನೆ. ಅಷ್ಟರಲ್ಲಿ ನನ್ನದೊಂದು ಒಲೆ ಆಗಬೇಕು. ಆಗದಿದ್ದರೆ ಮಕ್ಕಳನ್ನು ಕರೆದುಕೊಂಡು ತಾಯಿಮನೆಗೆ, ಉಮ್ಮನ ಹತ್ತಿರ ಹೋಗುತ್ತೇನೆ” ಎಂದಳು. ಬೆದರಿಕೆಯಲ್ಲ. ಬೇಳೆ ಮುಗಿದಿದೆ ಎಂದು ಹೇಳುವ ಸ್ವರದಲ್ಲೇ ಹೇಳಿದಳು. ಅವಳು ಹೋದರೆ ಪೋಕರ್ ಹಿಂದೆ ಹೋಗುವ ಹಾಗಿರಲಿಲ್ಲ. ಆ ಬಾಗಿಲು ಮುಚ್ಚಿತ್ತು. “ಒಲೆಗೆ ಎಂತ ಬರ? ನಮ್ಮದೇ ಮನೆ ಉಂಟಲ್ಲ” ಎಂದ ಪೋಕರ್.

ತಪ್ಪಿದ್ದು ಅಲ್ಲೇ. ಹದಿನೆಂಟು ವರ್ಷ ಹೊರಗಿದ್ದವನು ‘ನಮ್ಮ ಮನೆ’ ಎಂದರೆ ತಾನು ಹುಟ್ಟಿದ ಮನೆ ಎಂದುಕೊಂಡಿದ್ದ. ಅವರ ಕುಟುಂಬದ ಹಳೆಯ ಪದ್ಧತಿಯಲ್ಲಿ ಮನೆ ಹೆಣ್ಣುಮಕ್ಕಳದ್ದು. ಗಂಡು ಮದುವೆಯಾಗಿ ಹೆಂಡತಿಯ ಮನೆಗೆ ಹೋಗುತ್ತಾನೆ. ಅಲ್ಲಿ ಅವನು ಪುದಿಯಾಪ್ಳೆ, ಅಂದರೆ ಹೊಸ ಅಳಿಯ. ಮೊದಲ ನಲವತ್ತು ದಿನ ಸಂಜೆ ಹೋಗಿ, ಬೆಳಿಗ್ಗೆ ತಿಂಡಿ ತಿಂದು ತಾಯಿಮನೆಗೆ ವಾಪಸಾಗಬೇಕು. ಆ ದಿನಗಳಲ್ಲಿ ಅವನಿಗೆ ಒಂದು ಹುಲ್ಲುಕಡ್ಡಿ ಎತ್ತುವ ಕೆಲಸವನ್ನೂ ಯಾರೂ ಹೇಳುವುದಿಲ್ಲ. ನಲವತ್ತು ಕಳೆದ ಮೇಲೆ ಆ ಮನೆಯೇ ಅವನ ಮನೆ. ಪೋಕರ್ ಹುಟ್ಟಿದ ಮನೆ ಉಮ್ಮ ತೀರಿಕೊಂಡ ದಿನವೇ ಅಕ್ಕ ಜೈನಬಮ್ಮನದ್ದಾಗಿತ್ತು. ಅವಳ ಗಂಡ ಹಂಝ, ಅಡಿಕೆ ವ್ಯಾಪಾರಿ, ಇಪ್ಪತ್ತೆರಡು ವರ್ಷಗಳಿಂದ ಅಲ್ಲಿಯ ಅಳಿಯ. ಪೋಕರನ ಬಾಪ ಕೂರುತ್ತಿದ್ದ ಒರಗುಕುರ್ಚಿಯಲ್ಲಿ ಈಗ ಹಂಝ ತನ್ನ ಬೆನ್ನಿನ ಆಕಾರವನ್ನು ಪೂರಾ ಕೂರಿಸಿಯಾಗಿತ್ತು.

ಅಕ್ಕ ತಮ್ಮನನ್ನು ಅಪ್ಪಿಕೊಂಡು ಅತ್ತಳು. ಕೋಳಿ ಕೊಯ್ಯಿಸಿದಳು, ಅಕ್ಕಿರೊಟ್ಟಿಯ ಪತ್ತಿರ್ ಸುಟ್ಟಳು, ತುಪ್ಪದನ್ನ ಮಾಡಿದಳು. ಮರುದಿನವೂ ಕೋಳಿ. ಎಂಟನೇ ದಿನವೂ ಕೋಳಿ. ಎರಡನೇ ತಿಂಗಳಿಗೆ ಪೋಕರ್ ಪೇಟೆಯಲ್ಲಿ ಹಗ್ಗದ ಅಂಗಡಿ ಇಟ್ಟ, ಕೋಳಿ ಹೋಗಿ ಮೀನು ಬಂತು, ಆದರೆ ಉಪಚಾರ ಹೋಗಲಿಲ್ಲ. ಪೋಕರ್ ಉಂಡ ಬಟ್ಟಲು ಎತ್ತಿದರೆ “ಛೇ, ಇಡು ಇಡು. ನೀನು ಬಂದವ, ನಿನಗೆಂತಕ್ಕೆ?” ಮೈಮೂನಾ ಅಡುಗೆಮನೆಯ ಹೊಸ್ತಿಲಿಗೆ ಕಾಲಿಟ್ಟರೆ “ನೀನು ಕೂತ್ಕೊ ಮಗಳೆ, ಹೊಗೆ ಉಂಟು ಇಲ್ಲಿ.” ಹೊಗೆ ಅಲ್ಲ ವಿಷಯ. ತಮ್ಮನ ಹೆಂಡತಿ ಆ ಮನೆಯಲ್ಲಿ ಒಲೆ ಹಚ್ಚಿದಳೆಂದರೆ ಮನೆಗೆ ಇಬ್ಬರು ಯಜಮಾನ್ತಿಯರಾದರು ಎಂದು ಲೆಕ್ಕ. ಅದನ್ನು ಬಾಯಿಬಿಟ್ಟು ಹೇಳುವಷ್ಟು ಕೆಟ್ಟವಳಲ್ಲ ಜೈನಬಮ್ಮ. ಬಿಟ್ಟುಕೊಡುವಷ್ಟು ಒಳ್ಳೆಯವಳೂ ಅಲ್ಲ.

ಮೈಮೂನಾ ಕೂತಳು. ಬೆಳಿಗ್ಗೆ ಮಂಚದ ತುದಿಯಲ್ಲಿ, ಮಧ್ಯಾಹ್ನ ಕಿಟಕಿಯ ಬಳಿ, ಸಂಜೆ ಪುನಃ ಮಂಚದ ತುದಿಯಲ್ಲಿ. ಕೊಲಂಬಿನಿಂದ ತಂದ ಪೆಟ್ಟಿಗೆಯಿಂದ ಬೇಕಾದಷ್ಟೇ ಬಟ್ಟೆ ತೆಗೆದು, ಒಗೆದು, ಮಡಚಿ, ಅದರೊಳಗೇ ಇಡುತ್ತಿದ್ದಳು. ಮಕ್ಕಳು ಮಾತ್ರ ಎರಡು ತಿಂಗಳಲ್ಲಿ ಬ್ಯಾರಿ ಭಾಷೆ, ನಾಲ್ಕು ತಿಂಗಳಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಬಾಯಿ ತುಂಬಿಸಿಕೊಂಡರು. ಹನ್ನೆರಡು ವರ್ಷದ ದೊಡ್ಡ ಮಗಳು ಜುಲೈಕಾ ತಾಯಿಗೆ ದುಭಾಷಿಯಾದಳು. ತಾಯಿಗೆ ಹೇಳಲಿಕ್ಕೆ ಏನೂ ಇಲ್ಲದ್ದರಿಂದ ಆ ಉದ್ಯೋಗದಲ್ಲಿ ಅವಳಿಗೆ ಹೆಚ್ಚು ಕೆಲಸವಿರಲಿಲ್ಲ.

ಐದನೇ ತಿಂಗಳಿನ ಒಂದು ಬೆಳಿಗ್ಗೆ ಮೈಮೂನಾ ಯಾರನ್ನೂ ಕೇಳದೆ ಬಾವಿಕಟ್ಟೆಗೆ ಹೋಗಿ ಒಂದು ಕೊಡ ನೀರು ಸೇದಿದಳು. ಹಲ್ಲುಜ್ಜುತ್ತಿದ್ದ ಪೋಕರ್ ನೋಡಿದ. ಸೊಂಟಕ್ಕೆ ಕೊಡ ಇಟ್ಟು ತಿರುಗುವಾಗ ಅವಳ ನಡಿಗೆ ಮರದಾನೆಯ ಅಂಗಳದಲ್ಲಿದ್ದ ಹಾಗೆಯೇ ಇತ್ತು. ಅಷ್ಟರಲ್ಲಿ ಜೈನಬಮ್ಮ ಓಡಿಬಂದು, “ಅಲ್ಲಾ, ಎಂತ ಮಾಡುದು ನೀನು! ನೆರೆಕರೆಯವರು ನೋಡಿದರೆ ನಾನು ನಾದಿನಿಯನ್ನು ದುಡಿಸ್ತೇನೆ ಅಂತ ಹೇಳ್ಲಿಕ್ಕಿಲ್ವಾ?” ಎಂದು ಕೊಡವನ್ನು ಮೆತ್ತಗೆ, ಬಹಳ ಪ್ರೀತಿಯಿಂದ ತೆಗೆದುಕೊಂಡಳು. ತೆಗೆದುಕೊಂಡು ಒಳಗೆ ಒಯ್ಯಲಿಲ್ಲ. ನೀರನ್ನು ಬಾಳೆಬುಡಕ್ಕೆ ಚೆಲ್ಲಿ, ತಾನೇ ಬೇರೆ ಸೇದಿದಳು.

ಮೈಮೂನಾ ಬಾಳೆಬುಡವನ್ನು ಸ್ವಲ್ಪ ಹೊತ್ತು ನೋಡಿ ಒಳಗೆ ಹೋದಳು. ಜಗಳವಿಲ್ಲ, ಕಣ್ಣೀರಿಲ್ಲ. ಆ ದಿನದಿಂದ ಕರೆದರೆ ಉಂಡಳು, ಕೇಳಿದರೆ ತಲೆ ಆಡಿಸಿದಳು. ತಾನು ಏನಾದರೂ ಹೇಳಬೇಕಿತ್ತು ಎಂದು ಪೋಕರನಿಗೆ ಗೊತ್ತಿತ್ತು. ಅಕ್ಕನ ಮೇಲೆ ಸಿಟ್ಟು ಬರಬೇಕಿತ್ತು, ಹೆಂಡತಿಯ ಮೇಲೆ ಕನಿಕರ ಬರಬೇಕಿತ್ತು. ಎರಡಕ್ಕೂ ಕಾದ. ಯಾವುದೂ ಬರಲಿಲ್ಲ. ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕೂತವನ ಕಾಲಿಗೆ ಜೋಮು ಹಿಡಿದು, ಕಾಲು ಯಾರದ್ದೋ ಅನ್ನಿಸುತ್ತದಲ್ಲ, ಪೋಕರನಿಗೆ ಮೈಯೆಲ್ಲ ಹಾಗಾಗಿತ್ತು. ಬಾಯಿ ತೊಳೆದು ಅಂಗಡಿಗೆ ಹೋಗಿ, ಸಪೂರದ ಹಗ್ಗ ನಾಲ್ಕು, ದಪ್ಪದ್ದು ಎರಡು ಮಾರಿದ.

ಬಾಡಿಗೆಗೆ ಒಂದು ಮನೆ ಹಿಡಿಯಬಾರದಿತ್ತೇ ಎಂದು ಕೇಳುವವರು ಪುತ್ತೂರಿನವರಲ್ಲ. ತಮ್ಮನಾದವನು ಮನೆ ಬಿಟ್ಟು ಹೋದರೆ ‘ಅಕ್ಕ ಓಡಿಸಿದಳು’ ಎಂದು ಪೇಟೆ ಹೇಳುತ್ತದೆ. ಮೈಮೂನಾಳ ಕಡೆಯವರು ಸಮುದ್ರದಾಚೆ ಇರುವಾಗ ಹೆಂಡತಿಯ ಮನೆಯನ್ನು ಗಂಡನೇ ಹುಡುಕಿದರೆ ‘ತನಗೆ ತಾನೇ ಅಳಿಯನಾದ’ ಎಂದು ಹೇಳುತ್ತದೆ. ಕೊಡೆ ವ್ಯಾಪಾರದಲ್ಲಿ ಮುಳುಗದ ಪೋಕರ್ ಈ ಎರಡು ಮಾತಿನ ನಡುವೆ ಮುಳುಗಿದ್ದ. ತಿಂಗಳುಗಳು ಅವನನ್ನು ಕೇಳದೆ ಹೋಗುತ್ತಿದ್ದವು. ಒಂಬತ್ತನೇ ತಿಂಗಳಲ್ಲಿ ಕೊಲಂಬಿನಿಂದ ಅತ್ತೆಯ ಕಾಗದ ಬಂತು: ಮಾಳಿಗೆಯ ಕೋಣೆಗೆ ಸುಣ್ಣ ಬಳಿಸಿದ್ದೇನೆ, ಮಕ್ಕಳ ಶಾಲೆಯಲ್ಲಿ ಕೇಳಿಟ್ಟಿದ್ದೇನೆ. ಮೈಮೂನಾ ಅದನ್ನು ಓದಿ, ಮಡಚಿ, ಪೆಟ್ಟಿಗೆಯಲ್ಲಿ ಎಲ್ಲದಕ್ಕಿಂತ ಮೇಲೆ ಇಟ್ಟಳು.

ಅದನ್ನು ಪೋಕರ್ ಹೇಳಿದ್ದು ಹಂಝನಿಗೆ. ಮನೆಯಲ್ಲಿ ಹೇಳುವಂತಿರಲಿಲ್ಲ, ಹಂಝ ಅಂಗಡಿಗೆ ಗೋಣಿ ಕಟ್ಟುವ ಹುರಿ ತೆಗೆದುಕೊಳ್ಳಲು ಬಂದಾಗ ಹೇಳಿದ. ಪಕ್ಕದ ಅಂಗಡಿಯ ಡೊಂಬಯ್ಯ ಗೌಡ ಅಲ್ಲೇ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಅಜ್ಜಾವರದ ಕಡೆಯವನು. ಬೀಜದಂಗಡಿ ಅವನದ್ದು, ಆದರೆ ಹೆಚ್ಚು ಹೊತ್ತು ಕೂರುವುದು ಪೋಕರನಲ್ಲಿ.

“ಪೋಕರೇ,” ಎಂದ ಹಂಝ, “ನಾನು ಇಪ್ಪತ್ತೆರಡು ವರ್ಷದಿಂದ ಅಳಿಯ. ಈ ಕೆಲಸದಲ್ಲಿ ನನ್ನಷ್ಟು ಅನುಭವ ಊರಲ್ಲಿ ಯಾರಿಗೂ ಇಲ್ಲ. ನೆಂಟನಿಗೆ ಏಳು ಅಂತ ಮನೆಯವರು ಹೇಳ್ಲಿಕ್ಕೆ ಆಗುದಿಲ್ಲ. ನೆಂಟ ತಾನೇ ಏಳಬೇಕು ಮಾರಾಯ.”

“ಅಕ್ಕನಿಗೆ ಬೇಜಾರಾಗ್ತದಲ್ಲ ಭಾವ?”

“ಬೇಜಾರು! ಹತ್ತು ತಿಂಗಳಿಂದ ನೆಂಟರಿಗೆ ಬಡಿಸಿ ಅವಳ ಸೊಂಟ ಬಿದ್ದುಹೋಗಿದೆ. ದಿನಾ ಎಣ್ಣೆ ತಿಕ್ಕುವವ ನಾನು. ಅವಳು ಕಾಯ್ತಾ ಇದ್ದಾಳೆ, ನೀನು ಕೇಳ್ತಿಯಾ ಅಂತ. ನೀನು ಕಾಯ್ತಾ ಇದ್ದಿ, ಅವಳು ಹೇಳ್ತಾಳಾ ಅಂತ. ನಿಮ್ಮಿಬ್ಬರ ಮರ್ಯಾದೆಯಲ್ಲಿ ಕೋಳಿಗಳು ಸತ್ತವು.”

ಡೊಂಬಯ್ಯ ಎಲೆ ಬಾಯಿಗೆ ಹಾಕಿಕೊಂಡು, “ಮನೆ ಉಂಟು ಬ್ಯಾರಿಗಳೆ. ದರ್ಬೆಯಲ್ಲಿ ನಮ್ಮ ದುಗ್ಗಮ್ಮ ಚಿಕ್ಕಮ್ಮನದ್ದು. ಅವರು ಮಗನ ಹತ್ತಿರ ಅಜ್ಜಾವರಕ್ಕೆ ಹೋಗ್ತಾರೆ. ಆದರೆ ಒಂದು ಮಾತು. ಅವರು ಗಂಡಸರ ಹತ್ತಿರ ಮಾತಾಡುವವರಲ್ಲ. ಗಂಡಸರಿಗೆ ಬಾವಿ ತೊಳೆಯುವ ಬುದ್ಧಿ ಇಲ್ಲ ಅಂತಾರೆ. ನಿಮ್ಮ ಹೆಂಡತಿಯನ್ನು ಕಳಿಸಿ” ಎಂದ.

ಆ ರೀತಿ ಪೇಟೆಯ ಎರಡನೇ ಮಾತಿಗೆ ಔಷಧ ಸಿಕ್ಕಿತು: ಮನೆಯನ್ನು ಹೆಂಡತಿಯೇ ಹಿಡಿದಳು. ಮೈಮೂನಾ ಜುಲೈಕಾಳ ಕೈ ಹಿಡಿದು ದರ್ಬೆಗೆ ಹೋದಳು. ದುಗ್ಗಮ್ಮನದ್ದು ಗೌಡರ ಅರೆಭಾಷೆ, ಇವಳದ್ದು ತಮಿಳು. ದುಭಾಷಿಗೆ ಕೆಲಸ ಬರುವ ಮೊದಲೇ ಆ ಮುದುಕಿ ಇವಳನ್ನು ಬಾವಿಯ ಬಳಿಗೆ ಒಯ್ದು ಬಗ್ಗಿಸಿ ತಳ ತೋರಿಸಿ, ಅಡುಗೆಮನೆಗೆ ಒಯ್ದು ಒಲೆಯ ಮೂರು ಕಲ್ಲುಗಳಲ್ಲಿ ಯಾವುದು ಅಲ್ಲಾಡುತ್ತದೆ ಎಂದು ಮುಟ್ಟಿಸಿ ತೋರಿಸಿದಳಂತೆ. ಮೈಮೂನಾ ಅಲ್ಲಾಡುವ ಕಲ್ಲಿಗೆ ಒಂದು ಹೆಂಚಿನ ಚೂರು ಕೊಟ್ಟು ನಿಲ್ಲಿಸಿದಳಂತೆ. ಬೀಗದ ಕೈ ಅವಳ ಕೈಗೆ ಬಂತು. ಇದನ್ನೆಲ್ಲ ಜುಲೈಕಾ ಹೇಳಿದಾಗ ಪೋಕರ್ “ಹೂಂ” ಎಂದ. ಸಂತೋಷವಾಗಬೇಕಾದ ಜಾಗವನ್ನು ಒಳಗೆ ಮುಟ್ಟಿ ನೋಡಿಕೊಂಡ. ಜೋಮು.

ಅಕ್ಕನ ಎದುರು ವಿಷಯ ಎತ್ತಲು ಅವನು ಮೂರು ಸಲ ಕೆಮ್ಮಿದ. ಜೈನಬಮ್ಮ ಪೂರ್ತಿ ಕೇಳಿ, ಸೆರಗಿನಲ್ಲಿ ಕಣ್ಣು ಒರೆಸಿ, “ನಾನು ಕಳಿಸುದಲ್ಲ, ನೀನು ಹೋಗುದು. ಅದು ಎಲ್ಲರಿಗೂ ಗೊತ್ತಾಗಬೇಕು” ಎಂದಳು. ಮರುಕ್ಷಣವೇ ಕಣ್ಣೀರು ಒಣಗಿ ಯಜಮಾನ್ತಿಕೆ ಬಂತು. “ಆದರೆ ಹೀಗೆ ಪೆಟ್ಟಿಗೆ ಹೊತ್ಕೊಂಡು ಹೋಗ್ಲಿಕ್ಕೆ ಇಲ್ಲ. ನೀನು ಈ ಊರಲ್ಲಿ ಹೆಂಡತಿ ಮನೆಗೆ ಹತ್ತಲೇ ಇಲ್ಲ. ಮೊದಲು ಅವಳು, ಮಕ್ಕಳು ಹೋಗಿ ಒಲೆ ಹಚ್ಚಲಿ. ಮೂರನೇ ದಿನ ನಿನ್ನನ್ನು ನಾವು ಪುದಿಯಾಪ್ಳೆ ಮಾಡಿ ಕರ್ಕೊಂಡು ಹೋಗಿ ಹತ್ತಿಸ್ತೇವೆ. ನಲವತ್ತು ದಿನ ಬಂದು ಹೋಗಿ ಮಾಡು.”

“ಅಕ್ಕಾ, ನನಗೆ ನಲವತ್ತನಾಲ್ಕು ವರ್ಷ.”

“ಅದಕ್ಕೆ? ನಲವತ್ತನಾಲ್ಕು ದಿನ ಹೋಗಬೇಕು ಅಂತ ಹೇಳಿದ್ನಾ ನಾನು?”

ಹಾಗೆ ಒಂದು ಸಂಜೆ, ಪೇಟೆಯ ಅಂಗಡಿಗಳು ಇನ್ನೂ ತೆರೆದಿರುವಾಗ, ಗಡ್ಡದಲ್ಲಿ ಬೆಳ್ಳಿ ಎಳೆಗಳಿದ್ದ ಹೊಸ ಅಳಿಯನ ದಿಬ್ಬಣ ಹೊರಟಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ವಸ್ತ್ರ. ಹಂಝ ಮೇಲೆ ಕೊಡೆ ಹಿಡಿದಿದ್ದ, ಮಳೆಯೂ ಇಲ್ಲ ಬಿಸಿಲೂ ಇಲ್ಲ. ಕೊಡೆ ಕೊಲಂಬಿನದ್ದೇ, ಪೋಕರ್ ಒಂದು ಕಾಲದಲ್ಲಿ ದಿನಕ್ಕೆ ಹತ್ತು ಮಾರುತ್ತಿದ್ದ ಜಾತಿಯದ್ದು.

ಡೊಂಬಯ್ಯ ಅಂಗಡಿಯಿಂದ ಇಳಿದು ಬಂದ. “ಏನು ಬ್ಯಾರಿಗಳೆ, ದಿಬ್ಬಣ ಎಲ್ಲಿಗೆ?”

“ಹೆಂಡತಿ ಮನೆಗೆ, ಗೌಡ್ರೆ.”

“ಹೊಸ ಸಂಬಂಧವಾ?”

“ಹಳೇದೇ. ಬಣ್ಣ ಕೊಟ್ಟದ್ದು.”

ಬೀದಿಯೇ ನಕ್ಕಿತು. ಪೋಕರ್ ಮುಂದೆ ನಡೆದ. ನಗೆಯೆಲ್ಲ ಅವನ ಹೊರಗಿನ ಅಂಗಿಗೆ ತಾಗಿ ಕೆಳಗೆ ಬೀಳುತ್ತಿತ್ತು.

ದರ್ಬೆಯ ಮನೆಯ ಮೆಟ್ಟಿಲಲ್ಲಿ ಅಳಿಯನ ಕಾಲಿಗೆ ನೀರೆರೆಯುವುದು ಹೆಂಡತಿಯ ತಮ್ಮನ ಕೆಲಸ. ಎರೆದವನಿಗೆ ಅಳಿಯ ಉಂಗುರ ಕೊಡಬೇಕು. ತಮ್ಮಂದಿರು ಮರದಾನೆಯಲ್ಲಿದ್ದರು, ಹಾಗಾಗಿ ಜುಲೈಕಾ ಎರೆದಳು. ಹಿಂದಿನಿಂದ ಜೈನಬಮ್ಮ ತನ್ನ ಬೆರಳಿನ ಉಂಗುರ ಕಳಚಿ ತಮ್ಮನ ಕೈಗೆ ತುರುಕಿದಳು. ಅವನು ಕೊಟ್ಟ. ಮರುದಿನ ಬೆಳಿಗ್ಗೆ ಮಗಳು ಅದನ್ನು ಸೋದರತ್ತೆಗೆ ವಾಪಸು ಕೊಡಬೇಕಾಯಿತು. ಪದ್ಧತಿಗೂ ಒಂದು ಮಿತಿ ಇದೆ. ಒಳಗೆ ತುಪ್ಪದನ್ನ, ಕೋಳಿ, ಮೊಟ್ಟೆಯ ಸಿಹಿ. ಹತ್ತು ತಿಂಗಳ ನಂತರ ಮೈಮೂನಾಳ ಕೈಯ ಅಡುಗೆ. ಎಲ್ಲರೂ ಹೊಗಳಿದರು. ಪೋಕರ್ ಉಪ್ಪು ಸರಿ ಇದೆ ಎಂದಷ್ಟೇ ಗಮನಿಸಿದ.

ಬೆಳಿಗ್ಗೆ ತಿಂಡಿ ಆದ ಮೇಲೆ ಅವನು ಚಪ್ಪಲಿ ಮೆಟ್ಟಿ ಅಕ್ಕನ ಮನೆಗೆ ನಡೆದ. ಅಕ್ಕ ಕೊಟ್ಟ ಚಾ ಕುಡಿದು ಅಂಗಡಿಗೆ ಹೋದ. ಸಂಜೆ ನಮಾಜು ಮುಗಿಸಿ ದರ್ಬೆಗೆ ಬಂದ. ಹತ್ತು ದಿನ, ಇಪ್ಪತ್ತು ದಿನ. ಬರುವಾಗ ಕಾಲಿಗೆ ನೀರು, ಕೂರಲು ಹೊಸ ಚಾಪೆ, ಬಟ್ಟಲು ಎತ್ತಲು ಮಗಳು. ಮೈಮೂನಾಳ ಕೈಗಳು ಈಗ ದಿನವಿಡೀ ಆಡುತ್ತಿದ್ದವು. ಒಲೆಬೂದಿಯಲ್ಲಿ ಪಾತ್ರೆ ಬೆಳಗುವ ಸದ್ದು ಗೇಟಿನವರೆಗೆ ಕೇಳುತ್ತಿತ್ತು. ಆದರೆ ಗಂಡನೊಡನೆ ಅವಳ ಮಾತು ‘ಇನ್ನೊಂದು ಹಾಕಲಾ’ ಎಂಬಲ್ಲಿಗೆ ನಿಲ್ಲುತ್ತಿತ್ತು. ಅವನು ಇಲ್ಲಿಯೂ ನೆಂಟ. ಅಕ್ಕನ ಮನೆಯಲ್ಲಿ ಒಂದು ನೆಂಟಸ್ತಿಕೆ ಇತ್ತು, ಈಗ ಎರಡಾಯಿತು ಎಂದು ಅವನಿಗೆ ಅನ್ನಿಸುತ್ತಿತ್ತು.

ಪೆಟ್ಟಿಗೆ ಕೋಣೆಯ ಮೂಲೆಯಲ್ಲೇ ಇತ್ತು. ಬಟ್ಟೆಗಳು ಇನ್ನೂ ಅದರೊಳಗೇ.

ಮೂವತ್ತಮೂರನೇ ದಿನ ಪೊಲೀಸ್ ಠಾಣೆಯಿಂದ ಒಬ್ಬ ದಫೇದಾರರು ಅರ್ಜಿಯ ಕಾಗದ ಹಿಡಿದು ದರ್ಬೆಗೆ ಬಂದರು. ಪರದೇಶದ ಹೆಂಗಸಿನ ವರ್ಷ ಮುಗಿಯುತ್ತಾ ಬಂದಿದೆ, ಇರುವುದಾದರೆ ರುಜು ಹಾಕಿ ಕೊಡಬೇಕು, ಮನೆಯ ಯಜಮಾನರು ಯಾರೆಂದು ಬರೆಸಬೇಕು. ನಡೆದದ್ದನ್ನು ದಫೇದಾರರೇ ಮರುದಿನ ಅಂಗಡಿಗೆ ಬಂದು ಪೋಕರನಿಗೆ ಹೇಳಿದರು.

“ಮನೆಯ ಯಜಮಾನ ಯಾರು ಅಂತ ಕೇಳಿದೆ ಮಾರಾಯ್ರೆ. ನಿಮ್ಮ ಹೆಂಗಸು ‘ನಾನೇ’ ಅಂದರು. ಗಂಡಸರು ಯಾರೂ ಇಲ್ವಾ ಅಂತ ಕೇಳಿದೆ. ನಿಮ್ಮ ಮಗಳು ಹೇಳ್ತಾಳೆ, ‘ಒಬ್ಬರಿದ್ದಾರೆ, ಸಂಜೆ ಬರ್ತಾರೆ, ಬೆಳಿಗ್ಗೆ ಹೋಗ್ತಾರೆ’ ಅಂತ! ನಾನು ಇದನ್ನು ಸರಕಾರಕ್ಕೆ ಹೇಗೆ ಬರೆಯುದು?”

ಡೊಂಬಯ್ಯ ನಕ್ಕು ನಕ್ಕು ಎಲೆಯಡಿಕೆ ನೆತ್ತಿಗೇರಿ ಕೆಮ್ಮಿದ. ಪೋಕರ್ ಕೇಳಿದ್ದು ಒಂದೇ: “ರುಜು ಹಾಕಿದಳಾ?”

“ಇಲ್ಲ. ಕಾಗದ ಇಟ್ಟು ಹೋಗಿ, ಎಂಟು ದಿನ ಬಿಟ್ಟು ಬನ್ನಿ ಅಂದರು.”

ಎಂಟು ದಿನವೆಂದರೆ ನಲವತ್ತೊಂದನೇ ದಿನ. ಆ ಸಂಜೆ ಪೋಕರ್ ಹೋದಾಗ ಕಾಗದ ಪೆಟ್ಟಿಗೆಯ ಮೇಲೆ, ನೀಲಿ ಶಾಯಿಯ ದೌತಿಯ ಪಕ್ಕ ಇತ್ತು. ರುಜುವಿನ ಜಾಗ ಬಿಳಿ. ಮರುದಿನವೂ ಬಿಳಿ. ಅವನು ಕೇಳಲಿಲ್ಲ. ಕೇಳಿದರೆ ಅವಳು ಹೇಳುತ್ತಿದ್ದಳು. ಹೇಳಿದರೆ ಅದು ಆಗಿಬಿಡುತ್ತಿತ್ತು. ದಿನಾ ಉಂಡು, ಆ ಬಿಳಿ ಜಾಗ ನೋಡಿ, ಮಲಗಿ, ಎದ್ದು, ಹೋದ. ಅವಳು ಹೋದರೆ ಹೇಗಿರುತ್ತದೆ ಎಂದು ಅಂಗಡಿಯಲ್ಲಿ ಕೂತು ನೆನೆಸಿಕೊಳ್ಳಲು ನೋಡಿದ. ಮೈಮೂನಾ, ಮಕ್ಕಳು, ಧನುಷ್ಕೋಟಿಯ ದಕ್ಕೆ, ಹಡಗು. ಎಲ್ಲ ಕಣ್ಣಿಗೆ ಬಂತು. ತಾನು ಮಾತ್ರ ಆ ಚಿತ್ರದಲ್ಲಿ ಎಲ್ಲಿಯೂ ಸಿಗಲಿಲ್ಲ.

ನಲವತ್ತು ಮುಗಿಯಿತು. ನಲವತ್ತೊಂದನೇ ಬೆಳಿಗ್ಗೆ ತಿಂಡಿಯಾದ ಮೇಲೆ, ಇನ್ನು ಹೋಗಬೇಕಾಗಿಲ್ಲ ಎಂಬುದು ನೆನಪಿದ್ದೂ, ಅವನ ಕಾಲು ತಾನಾಗಿ ಚಪ್ಪಲಿ ಹುಡುಕಿತು. ಮೆಟ್ಟಿಲು ಇಳಿಯುವಾಗ ಹಿತ್ತಲಿನಿಂದ ಮೈಮೂನಾಳ ದನಿ ಬಂತು.

“ಎಲ್ಲಿಗೆ?”

“ಅಕ್ಕನಲ್ಲಿಗೆ... ಚಾಕ್ಕೆ.”

ಅವಳು ಬಾವಿಕಟ್ಟೆಯಿಂದ ಬಂದು ಎದುರು ನಿಂತಳು. ಕೈಯಲ್ಲಿ ಹಗ್ಗದ ತುದಿ. ದುಗ್ಗಮ್ಮನ ಕಾಲದ್ದು; ಹುರಿ ಬಿಚ್ಚಿ, ನಡುವೆ ಸವೆದು, ಇನ್ನೇನು ಎರಡಾಗುವ ಹಾಗಿತ್ತು.

“ಹಗ್ಗದ ಅಂಗಡಿಯವರ ಮನೆಯ ಹಗ್ಗ ನೋಡಿ,” ಎಂದಳು ತಮಿಳಿನಲ್ಲಿ. “ನಿನ್ನೆ ಕೊಡ ಬಾವಿಗೆ ಬೀಳಲಿಕ್ಕಿತ್ತು. ನಲವತ್ತು ದಿನದಿಂದ ಬಾಯಿ ಮುಚ್ಚಿಕೊಂಡಿದ್ದೇನೆ. ಹೊಸದು ತಂದು ಕಟ್ಟಿ. ಈಗಲೇ. ಮಧ್ಯಾಹ್ನದ ನೀರಿಲ್ಲ.”

ಒಂದು ವರ್ಷದಲ್ಲಿ ಆ ಊರಿನ ಯಾವುದೇ ಮನೆಯಲ್ಲಿ ಯಾರಾದರೂ ಅವನಿಗೆ ಹೇಳಿದ ಮೊದಲ ಕೆಲಸ ಅದು. ಪೋಕರ್ ಹಗ್ಗದ ತುದಿಯನ್ನು ಕೈಗೆ ತೆಗೆದುಕೊಂಡು, ವ್ಯಾಪಾರಿಯ ಬೆರಳಲ್ಲಿ ಹಿಚುಕಿ ನೋಡಿದ.

“ಯಾವುದು ತರಲಿ? ಸಪೂರದ್ದು ಉಂಟು, ಒಂದು ಮಳೆಗಾಲಕ್ಕೆ ಸಾಕು. ದಪ್ಪದ್ದಾದರೆ ಮೂರು,” ಎಂದು ಬಾಯಿಯ ಅಭ್ಯಾಸದಲ್ಲಿ ಹೇಳಿ, ತಡೆದು, ತಿದ್ದಿಕೊಂಡ. “ಮೂರಿಲ್ಲ. ಎರಡು ಬರ್ತದೆ.”

ಮೈಮೂನಾ ಸವೆದ ತುದಿಯನ್ನು ಅವನ ಕೈಯಿಂದ ಬಿಡಿಸಿಕೊಂಡಳು.

“ಎರಡರದ್ದು ತನ್ನಿ. ಅದು ಸವೆದಾಗ ಇನ್ನೊಂದು ತಂದರಾಯಿತು.”

ಅವನು ಅಂಗಡಿಗೆ ಹೋಗಿ ದಪ್ಪದ ಸುರುಳಿಗಳಲ್ಲಿ ನಾಲ್ಕನ್ನು ಎಳೆದು ನೋಡಿ ಐದನೆಯದನ್ನು ಹೆಗಲಿಗೆ ಹಾಕಿಕೊಂಡ. ಗಿರಾಕಿಗೆ ಅವನು ಯಾವತ್ತೂ ಅಷ್ಟು ಹುಡುಕಿ ಕೊಟ್ಟವನಲ್ಲ. ಅಂಗಡಿಯನ್ನು ಡೊಂಬಯ್ಯನಿಗೆ ಒಪ್ಪಿಸಿ ಹೊರಟ. ಬಂದು ರಾಟೆಗೆ ಹಾಕಿ, ಕೊಡಕ್ಕೆ ಕುಣಿಕೆ ಬಿಗಿದು, ಗಟ್ಟಿ ಇದೆಯೇ ಎಂದು ತಾನೇ ನಾಲ್ಕು ಕೊಡ ಸೇದಿದ. ಹೊಸ ತೆಂಗಿನ ನಾರು. ಅಂಗೈ ಕೆಂಪಾಗಿ, ಮೂರನೇ ಕೊಡಕ್ಕೆ ಉರಿಯತೊಡಗಿತು. ಉರಿಯುತ್ತಿದೆ ಎಂದು ಅವನಿಗೆ ಸರಿಯಾಗಿ ಗೊತ್ತಾಯಿತು. ನಾಲ್ಕನೆಯದನ್ನೂ ಸೇದಿದ. ನೀರನ್ನು ಮೈಮೂನಾ ಒಳಗೆ ಒಯ್ದಳು.

ದಫೇದಾರರು ಬಂದಾಗ ಕಾಗದ ಸಿದ್ಧವಿತ್ತು. ಯಜಮಾನರ ಹೆಸರಿನ ಜಾಗದಲ್ಲಿ ಮೈಮೂನಾ, ರುಜುವಿನ ಜಾಗದಲ್ಲಿ ಮೈಮೂನಾ. ಪೋಕರನ ಹೆಸರು ಕೆಳಗೆ, ‘ಜೊತೆಗೆ ಇರುವವರು’ ಎಂಬಲ್ಲಿ, ಇಬ್ಬರು ಮಕ್ಕಳ ನಂತರ ಮೂರನೆಯದಾಗಿ ಇತ್ತು. ಬರೆದದ್ದು ಜುಲೈಕಾ.

ಅಕ್ಕನ ಮನೆಯಲ್ಲಿ ಆ ಬೆಳಿಗ್ಗೆ ಅಭ್ಯಾಸಬಲದಿಂದ ಇಟ್ಟಿದ್ದ ಚಾ ಜಗಲಿಯಲ್ಲಿ ತಣ್ಣಗಾಗುತ್ತಿತ್ತು. ಜೈನಬಮ್ಮ ಎರಡು ಸಲ ದಾರಿ ನೋಡಿ ಒಳಗೆ ಹೋದಳು. ಹಂಝ ಒರಗುಕುರ್ಚಿಯಿಂದ ಏಳದೆ ಕೈ ಚಾಚಿ ಲೋಟ ತೆಗೆದುಕೊಂಡು, “ಇನ್ನು ಅವನಿಗೆ ಇಡಬೇಡ. ಕೆಲಸ ಸಿಕ್ಕಿರಬೇಕು” ಎಂದು ಅದನ್ನು ತಾನೇ ಕುಡಿದ.